ಹಿತ್ತಲ ಮಡಕೆಯಲ್ಲಿ ಅರವತ್ತೊಂದು

ಅರಬ್ಬೀ ಸಮುದ್ರವನ್ನು ಮಣ್ಣಿನ ಮಡಕೆಯೊಂದರಲ್ಲಿ ತುಂಬಿ, ಹನ್ನೊಂದು ವಾರ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಇಟ್ಟುಕೊಂಡಿದ್ದ ಮನುಷ್ಯ ಈ ಭೂಮಿಯ ಮೇಲೆ ನಾನೊಬ್ಬನೇ. ತಿಮಿಂಗಿಲಗಳಿಗೆ ಸ್ವಲ್ಪ ಇಕ್ಕಟ್ಟಾಯಿತು, ನಿಜ. ಉಳಿದವರೆಲ್ಲ ಹೊಂದಿಕೊಂಡರು.

ನಗುವವರು ನಗಲಿ. ನಮ್ಮೂರು ಬೆಳ್ಳಳಿವೆಯಲ್ಲಿ ಜಟ್ಟಪ್ಪ ಹರಿಕಂತ್ರನ ಮನೆ ಯಾವುದೆಂದು ಕೇಳಿದರೆ, ಬೀದಿಯ ನಾಯಿಯೂ ದಾರಿ ತೋರಿಸುತ್ತದೆ. ನಾನು ಹುಟ್ಟಿದ ದಿನ ಉಬ್ಬರ ಅರ್ಧ ಗಂಟೆ ತಡವಾಗಿ ಬಂದಿತ್ತಂತೆ. ಹಾಗಂತ ನನ್ನ ಅಜ್ಜಿ ಹೇಳುತ್ತಿದ್ದಳು. ಅಜ್ಜಿ ಹೇಳದಿದ್ದರೆ ನಾನೇ ಹೇಳುತ್ತಿದ್ದೆ. ಈ ಕಥೆ ಬರೆಯುವಾಗ ನನ್ನ ಹೆಂಡತಿ ಮಾದೇವಿ ಪಕ್ಕದಲ್ಲೇ ಕೂತು ಬಲೆಯ ಹರುಕು ಹೊಲಿಯುತ್ತಿದ್ದಾಳೆ. ಪುಟ ತುಂಬಿದ ಹಾಗೆ ಎಳೆದುಕೊಂಡು ಓದುತ್ತಾಳೆ. ಓದಿ ಏನೂ ಹೇಳುವುದಿಲ್ಲ. ಅದೇ ನನಗೆ ಹೆದರಿಕೆ.

ಮೊದಲು ಯಂತ್ರದ ಸುದ್ದಿ ಹೇಳಬೇಕು.

ನಮ್ಮ ಕೊಲ್ಲಿಯ ನೀರನ್ನು ಒಂದು ಚಮಚ ತೆಗೆದರೆ ಅದರಲ್ಲಿ ಊರಿಗೂರೇ ಇರುತ್ತದೆ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಠಿಣಚರ್ಮಿಗಳು, ಅಂದರೆ ಸಿಗಡಿ ಏಡಿಗಳ ಬಡ ನೆಂಟರು. ಒಂದಕ್ಕೆ ಹಣೆಯಲ್ಲಿ ಒಂದೇ ಕಣ್ಣು, ಮೈಗಿಂತ ಉದ್ದದ ಎರಡು ಮೀಸೆ. ಅದರ ಹೆಣ್ಣು ಎರಡು ಮೊಟ್ಟೆಚೀಲ ನೇತುಹಾಕಿಕೊಂಡು ಸಂತೆಗೆ ಹೊರಟ ಹಾಗೆ ಈಜುತ್ತದೆ. ಇನ್ನೊಂದು ಎರಡು ಚಿಪ್ಪಿನ ನಡುವೆ ಅಡಗಿದ ಎಳ್ಳು. ಮತ್ತೊಂದು ಮಗ್ಗುಲಾಗಿ ಮಲಗಿಕೊಂಡೇ ಓಡುತ್ತದೆ, ನನ್ನ ಭಾವ ಶಂಭುವಿನ ಹಾಗೆ. ಊರಿನವರು ಎಲ್ಲವನ್ನೂ ಸೇರಿಸಿ ಹುಡಿಸಿಗಡಿ ಅನ್ನುತ್ತಾರೆ. ಇವು ಬೆಳೆಯುವಾಗ ಮತ್ತೆ ಮತ್ತೆ ಪೊರೆ ಕಳಚುತ್ತವೆ. ಕಳಚಿದ ಪೊರೆಯ ಚೂರಿನಲ್ಲೂ ಅದರ ಕುಲಗೋತ್ರ ಬರೆದಿರುತ್ತದೆ. ನಮ್ಮೂರಿನ ಸಮುದ್ರಜೀವಿ ಕೇಂದ್ರಕ್ಕೆ ಬಂದ ಯಂತ್ರ ಆ ಬರಹವನ್ನು ಓದುತ್ತಿತ್ತು. ಒಂದು ಬಾಟಲಿ ನೀರು ಹಾಕಿದರೆ ಕಾಲು ಗಂಟೆಯಲ್ಲಿ, ಈ ನೀರಿನಲ್ಲಿ ಎಷ್ಟು ಜಾತಿಯ ಹುಡಿಸಿಗಡಿ ಸಂಸಾರ ಹೂಡಿದೆ ಎಂದು ಒಂದು ಸಂಖ್ಯೆ ಹೇಳುತ್ತಿತ್ತು.

ಆಮೇಲೆ ಬಂತು ಕಾಯಿದೆ. ಕೊಲ್ಲಿಯ ಸಂಖ್ಯೆ ನಲವತ್ತಕ್ಕಿಂತ ಕೆಳಗಿಳಿದರೆ ಆ ಕೊಲ್ಲಿಗೆ ಬೀಗ. ದೋಣಿ ಇಳಿಸುವಂತಿಲ್ಲ, ಬಲೆ ಬೀಸುವಂತಿಲ್ಲ, ಅಳಿವೆಯ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವಂತಿಲ್ಲ, ಒಂದು ವರ್ಷ. ಸಣ್ಣ ಜೀವಗಳು ಹಲವು ಬಗೆಯವು ಇದ್ದರೆ ನೀರು ಗಟ್ಟಿ, ಬಗೆ ಕಡಿಮೆಯಾದರೆ ನೀರಿಗೆ ಕಾಯಿಲೆ, ಇದು ಲೆಕ್ಕಾಚಾರ.

ಕಾಯಿದೆ ಬಂದ ಎರಡೇ ವರ್ಷದಲ್ಲಿ ಊರಿನ ಮಾತೇ ಬದಲಾಯಿತು. ದಾರಿಯಲ್ಲಿ ಸಿಕ್ಕರೆ "ಊಟ ಆಯ್ತಾ" ಅನ್ನುತ್ತಿದ್ದವರು "ಇವತ್ತು ಎಷ್ಟು?" ಅನ್ನತೊಡಗಿದರು. ನಲವತ್ತೆರಡರ ಕೊಲ್ಲಿಯ ಹುಡುಗನಿಗೆ ಐವತ್ತರ ಕೊಲ್ಲಿಯವರು ಹೆಣ್ಣು ಕೊಡಲು ಹಿಂದೆಮುಂದೆ ನೋಡಿದರು. ಸೋಮವಾರ ಕೇಂದ್ರದ ಹೊರಗಿನ ಹಲಗೆಯ ಮೇಲೆ ಸಂಖ್ಯೆ ಬರೆಯುವ ಹೊತ್ತಿಗೆ ಊರಿಗೆ ಊರೇ ಅಲ್ಲಿ ನಿಂತಿರುತ್ತಿತ್ತು, ಹೆರಿಗೆಮನೆಯ ಬಾಗಿಲಲ್ಲಿ ನಿಂತ ಹಾಗೆ.

ಆ ಸಂಖ್ಯೆಯ ಬಾಟಲಿ ತುಂಬಿ ತರುವವನು ನಾನು. ಕೆಲಸಕ್ಕೆ ಏಳು ಸಾವಿರ ಜನ ಅರ್ಜಿ ಹಾಕಿದ್ದರು. (ಇಬ್ಬರು. ಇನ್ನೊಬ್ಬನಿಗೆ ಈಜು ಬರುತ್ತಿರಲಿಲ್ಲ.) ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಪ್ರೆಸಿಲ್ಲಾ ರೊಡ್ರಿಗಸ್. ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುವುದು ರೂಢಿ. ಅವರು ನನಗೆ ಬಾಟಲಿ ಹಿಡಿಯುವುದನ್ನು ಕಲಿಸಿದ್ದರಿಂದ ನನಗೂ ಅಕ್ಕೋರೇ. ಅವರ ನಿಯಮ ಗಟ್ಟಿ: ಅಳಿವೆಬಾಯಿಯ ಮೂರನೇ ಬೋಯಾದ, ಅಂದರೆ ನೀರಲ್ಲಿ ತೇಲುವ ಗುರುತಿನ ಬುರುಡೆಯ, ಹತ್ತಿರ ದೋಣಿ ನಿಲ್ಲಿಸಬೇಕು, ಎರಡು ಮಾರು ಆಳದ ನೀರು ತೆಗೆಯಬೇಕು, ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು ಚೆಲ್ಲಿ ನಾಲ್ಕನೇ ಸಲ ತುಂಬಬೇಕು.

"ಮೂರು ಸಲ ಎಂತಕ್ಕೆ ಅಕ್ಕೋರೇ? ನನ್ನ ಅಜ್ಜ ದೇವರಿಗೂ ಎರಡೇ ಸಲ ತೊಳೀತಿದ್ದ."

"ನಿನ್ನ ಕೈಯಲ್ಲಿ ನಿನ್ನೆ ತಿಂದ ಸಾರು ಇರ್ತದೆ ಜಟ್ಟಪ್ಪ. ಯಂತ್ರಕ್ಕೆ ಅದೂ ಸಮುದ್ರವೇ."

ಈ ಮಾತನ್ನು ನೆನಪಿಡಿ. ನಾನು ಇಟ್ಟುಕೊಳ್ಳಲಿಲ್ಲ.

ಆ ಬೇಸಿಗೆ ನೀರು ಎಂದಿಗಿಂತ ಬಿಸಿಯಾಗಿತ್ತು. ಕೊಲ್ಲಿಗೆ ಇಳಿದರೆ ಯಾರೋ ಮಿಂದು ಬಿಟ್ಟ ನೀರಿಗೆ ಇಳಿದ ಹಾಗೆ. ಸಂಖ್ಯೆ ನಲವತ್ತೊಂಬತ್ತಾಯಿತು, ಮುಂದಿನ ವಾರ ನಲವತ್ತೈದು, ಅದರ ಮುಂದಿನ ವಾರ ನಲವತ್ತೊಂದು. ಊರಿನಲ್ಲಿ ಯಾರೂ ಒಂದೆಡೆ ಕೂರುತ್ತಿರಲಿಲ್ಲ. ಶಂಭು ದಿನಕ್ಕೆ ಮೂರು ಸಲ ನಮ್ಮ ಜಗಲಿಗೆ ಬಂದು, ಕೂತು, ಎದ್ದು, ಮತ್ತೆ ಕೂರುತ್ತಿದ್ದ.

"ಭಾವ, ಈ ಸೋಮವಾರ ಸ್ವಲ್ಪ ನೋಡ್ಕೊಂಡು ತುಂಬು."

"ಎಂತದು ನೋಡೋದು? ಬೊಗಸೆಯಲ್ಲಿ ಆರಿಸಿ ತರ್ಲಿಕ್ಕೆ ಅದೇನು ಬದನೆಕಾಯಿಯಾ?"

ಆ ಸೋಮವಾರ ನಿಯಮದಂತೆಯೇ ತುಂಬಿದೆ. ತೆರೆ ಆನೆಯಷ್ಟಿತ್ತು, ಒಂದರ ಮೇಲೊಂದು ಎರಡು ಆನೆ. ದೋಣಿ ದಡಕ್ಕೆ ಬಡಿದ ಹೊಡೆತಕ್ಕೆ ಬಾಟಲಿ ಉರುಳಿತು, ಮುಚ್ಚಳ ಸಡಿಲಿತ್ತು, ಅರ್ಧ ನೀರು ದೋಣಿಯ ತಳಕ್ಕೆ. ಮತ್ತೆ ಹೋಗುವ ಹಾಗಿರಲಿಲ್ಲ. ಒದ್ದೆ ಬಟ್ಟೆ ಬದಲಿಸಲು ಮನೆಗೆ ಬಂದೆ. ಹಿತ್ತಲಲ್ಲಿ ಮಾದೇವಿಯ ಮಡಕೆ ಇತ್ತು.

ಅಳಿವೆಯ ಹೆಂಗಸರು ಬಳಚನ್ನು ತಂದ ಕೂಡಲೇ ಬೇಯಿಸುವುದಿಲ್ಲ. ಉಪ್ಪುನೀರು ತುಂಬಿದ ಮಡಕೆಯಲ್ಲಿ ಒಂದು ದಿನ ಇಡುತ್ತಾರೆ, ಚಿಪ್ಪು ಬಾಯಿ ತೆರೆದು ಒಳಗಿನ ಮರಳು ಉಗುಳಲಿ ಎಂದು. ಮಾದೇವಿ ಅದಕ್ಕೆ ಒಂದು ತುಕ್ಕುಹಿಡಿದ ಕತ್ತಿಯ ತುಂಡನ್ನೂ ಎರಡು ಒಣಮೆಣಸನ್ನೂ ಹಾಕುತ್ತಾಳೆ. ಅವಳ ತವರಿನ ಪದ್ಧತಿ. ಮೆಣಸಿಗೆ ಬಳಚು ಸೀನುತ್ತದಂತೆ. ನೀರು ಅಳಿವೆಯದೇ, ಉಪ್ಪು ಅದೇ ಉಪ್ಪು. ಬಾಟಲಿಯ ಅರ್ಧವನ್ನು ಅದರಿಂದ ತುಂಬಿದೆ. ಸಮುದ್ರಕ್ಕೆ ಸಮುದ್ರ ಬೆರೆಸಿದರೆ ಎಂತಾಗ್ತದೆ?

ಆದದ್ದು ಅರವತ್ತೊಂದು.

ಅಕ್ಕೋರು ಹಲಗೆಯ ಮೇಲೆ ಅರವತ್ತೊಂದು ಬರೆದಾಗ ಹೆಂಗಸರು ಅತ್ತರು. ಶಂಭು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಮೆರೆಸಿದ. (ಮೆರೆಸಲಿಲ್ಲ. ಎತ್ತಲು ನೋಡಿದ, ಸೊಂಟ ಹಿಡಿಯಿತು.) "ಜಟ್ಟಪ್ಪನ ಕೈಗುಣ" ಎಂಬ ಮಾತು ಅಂದು ಹುಟ್ಟಿತು. ಹೊಸ ಬಲೆಗೆ ಮೊದಲ ಗಂಟು ನನ್ನ ಕೈಯಿಂದ ಹಾಕಿಸಿದರು. ಮಗುವಿಗೆ ಮೊದಲ ತುತ್ತು ನನ್ನಿಂದ ತಿನ್ನಿಸಿದರು. ಇಷ್ಟು ವರ್ಷ ಬಾಯಿ ಬಡಿದುಕೊಂಡರೂ ಸಿಗದ ಮರ್ಯಾದೆ ಅರ್ಧ ಬಾಟಲಿ ಕೆಸರುನೀರಿಗೆ ಸಿಕ್ಕಿತು.

ಗುಟ್ಟು ನನಗೆ ನಿಧಾನಕ್ಕೆ ಹೊಳೆಯಿತು. ಬೋಯಾದ ಹತ್ತಿರ ಇರುವುದು ತೇಲುವ ಜೀವಗಳು ಮಾತ್ರ. ಮಡಕೆಯಲ್ಲಿ ಅಳಿವೆಯ ಕೆಸರೇ ಇತ್ತು: ಚಿಪ್ಪಿಗೆ ಅಂಟಿದವು, ಮರಳಿನ ಸಂದಿಯವು, ಬಳಚಿನ ಹೊಟ್ಟೆಯೊಳಗೆ ಬಾಡಿಗೆಗಿರುವ ಬಟಾಣಿಯಷ್ಟು ಏಡಿಗಳು, ಎಲ್ಲ ಒಂದೇ ಮಡಕೆಗೆ ಉಗುಳಿಸಿಕೊಂಡು ಕೂತಿದ್ದವು. ಮುಂದಿನ ಸೋಮವಾರ ನಾನು ಬೋಯಾದ ತನಕ ಹೋಗಿ, ದೋಣಿ ನಿಲ್ಲಿಸಿ, ಬಾಟಲಿಯನ್ನು ಅದ್ದದೆ ವಾಪಸು ಬಂದೆ. ಹಿತ್ತಲಲ್ಲಿ ತುಂಬಿದೆ. ಐವತ್ತೊಂಬತ್ತು. ಅದರ ಮುಂದಿನ ವಾರ ಅರವತ್ತು.

"ಹೋಯ್, ನನ್ನ ಮಡಕೆಯ ನೀರು ಪ್ರತಿ ಸೋಮವಾರ ಯಾಕೆ ಇಳೀತದೆ?" ಎಂದು ಮಾದೇವಿ ಒಂದು ದಿನ ಕೇಳಿದಳು.

"ಬಿಸಿಲು ಮಾರಾಯ್ತಿ. ಸಮುದ್ರವೇ ಒಂದು ಮಾರು ಇಳಿದದೆ."

"ಬಿಸಿಲು ಸೋಮವಾರ ಮಾತ್ರವಾ?"

"ಕಾಯಿದೆಯ ದಿನ ಅಲ್ವಾ, ಸೂರ್ಯನಿಗೂ ಡ್ಯೂಟಿ."

ಅವಳು ಮಡಕೆಯ ಮೇಲೆ ತಟ್ಟೆ ಮುಚ್ಚಿದಳು.

ಹಗಲೆಲ್ಲ ಬಡಾಯಿ ಕೊಚ್ಚುತ್ತಿದ್ದೆನಾದರೂ ನನ್ನ ಕಾಲು ಒಂದೆಡೆ ನಿಲ್ಲುತ್ತಿರಲಿಲ್ಲ. ನಿಜವಾದ ಸಂಖ್ಯೆ ಎಷ್ಟು? ಅದನ್ನು ಹೇಳಬಲ್ಲ ಯಂತ್ರ ಒಂದೇ, ಅದಕ್ಕೆ ನಾನು ನಿಜವಾದ ನೀರು ಕೊಡುವಂತಿಲ್ಲ. ಮೂವತ್ತೊಂಬತ್ತೋ, ಮೂವತ್ತೋ, ಹತ್ತೋ. ದಡದಲ್ಲಿ ನಿಂತು ನೀರನ್ನು ದಿಟ್ಟಿಸುತ್ತಿದ್ದೆ. ಅದು ಹೊಳೆಯುತ್ತಿತ್ತು, ಅಷ್ಟೆ. ನೀರು ಮುಖ ಕೊಟ್ಟು ಮಾತಾಡುವುದಿಲ್ಲ. ಒಂದೆರಡು ಕಡೆ ಮಾತ್ರ ಇಟ್ಟಿಗೆಪುಡಿ ಕಲಸಿದ ಹಾಗೆ ಕೆಂಪು ಪಟ್ಟಿ ಕಂಡಿತು. ಮೋಡದ ನೆರಳು ಅಂದುಕೊಂಡೆ. ಆಕಾಶದಲ್ಲಿ ಮೋಡ ಇರಲಿಲ್ಲ.

ಹನ್ನೊಂದನೇ ಸೋಮವಾರ ಬಾಟಲಿ ಕೊಟ್ಟು ಹೊರಡುವಷ್ಟರಲ್ಲಿ ಅಕ್ಕೋರು ಕರೆದರು. ಯಂತ್ರಕ್ಕೆ ಹೊಸ ಕಣ್ಣು ಬಂದಿತ್ತು. ಇನ್ನು ಮೇಲೆ ಅದು ಹುಡಿಸಿಗಡಿ ಮಾತ್ರವಲ್ಲ, ನೀರಿನಲ್ಲಿರುವ ಗಿಡ, ಪಾಚಿ, ಎಲ್ಲದರ ಗುರುತು ಹಿಡಿಯುತ್ತದೆ. ಅವರು ಪರದೆಯ ಮುಂದೆ ಕನ್ನಡಕ ಹಣೆಗೇರಿಸಿ ಕೂತಿದ್ದರು. ಸಂಖ್ಯೆ ಐವತ್ತೆಂಟು. ಅದರ ಕೆಳಗೆ ಇನ್ನೊಂದು ಪಟ್ಟಿ.

"ಜಟ್ಟಪ್ಪ, ಮೂರನೇ ಬೋಯಾದ ಹತ್ತಿರ ಮೆಣಸಿನ ಗಿಡ ಉಂಟಾ?"

"ಅಕ್ಕೋರೇ?"

"ಮೆಣಸು. ಒಣಮೆಣಸು. ಎರಡು ಮಾರು ಆಳದಲ್ಲಿ."

ನನ್ನ ಬಾಯಿ ನನಗಿಂತ ಮುಂದೆ ಓಡಿತು. "ಹಡಗು ಅಕ್ಕೋರೇ. ಮೆಣಸಿನ ಹಡಗು. ನಿನ್ನೆ ಬೆಳಿಗ್ಗೆ ನೋಡ್ದೆ ನಾನು, ಕಲ್ಲುಬಂಡೆಗೆ ತಾಗಿ ಮುಳುಗಿತು. ಇಡೀ ಸಮುದ್ರ ಕೆಂಪು. ಮೀನುಗಳೆಲ್ಲ ಕಣ್ಣು ಉಜ್ಜಿಕೊಳ್ತಿದ್ವು."

"ಯಾರಿಗೂ ಕಾಣದ ಹಡಗು."

"ಸಣ್ಣದು."

ಅವರು ಪಟ್ಟಿಯ ಕೊನೆಯ ಸಾಲಿಗೆ ಬೆರಳಿಟ್ಟರು. "ಸರಿ, ಮೆಣಸು ಬಿಡು. ಇದು ನೋಡು. ಇದೊಂದು ಜಾತಿಯ ಕಣಪಾಚಿ, ಕೆಂಪಗಿರ್ತದೆ, ಇದರಲ್ಲಿ ವಿಷ ಇರ್ತದೆ. ಇದನ್ನ ಮೇಯೋದು ನಿನ್ನ ಹುಡಿಸಿಗಡಿ. ಅವು ಬೇಕಾದಷ್ಟು ಇದ್ರೆ ನಾಲ್ಕು ದಿನದಲ್ಲಿ ಮೇಯ್ದು ಮುಗಿಸ್ತವೆ. ಅವು ಇಲ್ದಿದ್ರೆ ಇದು ಬೆಳೀತದೆ, ಬಳಚು ನೀರು ಸೋಸಿ ಸೋಸಿ ವಿಷವನ್ನ ಮೈಯಲ್ಲಿ ಇಟ್ಕೊಳ್ತದೆ. ಬೇಯಿಸಿದ್ರೂ ಹೋಗೋದಿಲ್ಲ. ಮೊದಲು ತುಟಿ ಜುಮ್ಮೆನ್ನೋದು, ಆಮೇಲೆ ಬೆರಳು, ಆಮೇಲೆ ಉಸಿರು."

ನಾನು ತಲೆಯಾಡಿಸಿದೆ.

"ನಾಳೆ ಅಮಾವಾಸ್ಯೆಯ ದೊಡ್ಡ ಇಳಿತ. ಊರಿನ ಹೆಂಗಸರೆಲ್ಲ ಬಳಚಿಗೆ ಇಳೀತಾರೆ. ನಿಲ್ಲಿಸಬೇಕಾ ಬೇಡವಾ? ಐವತ್ತೆಂಟು ಅಂದ್ರೆ ನಿಲ್ಲಿಸೋ ಅಗತ್ಯ ಇಲ್ಲ. ಸುಮ್ನೆ ನಿಲ್ಲಿಸಿದ್ರೆ ಊರು ನನ್ನ ಮಾತು ಇನ್ನೊಂದ್ಸಲ ಕೇಳೋದಿಲ್ಲ." ಅವರು ಕನ್ನಡಕ ಇಳಿಸಿದರು. "ಐವತ್ತೆಂಟು ನಿಜವಾ ಜಟ್ಟಪ್ಪ?"

"ನಿಜ ಅಕ್ಕೋರೇ," ಎಂದೆ. "ಕಡಿಮೆಯೇ ಹೇಳಿದದೆ ಯಂತ್ರ."

ಆ ಸಂಜೆ ಮಾದೇವಿ ಮಡಕೆಯ ಬಳಚಿನ ಸುಕ್ಕ ಮಾಡಿದ್ದಳು. ನಾನು ನಾಲ್ಕು ತಟ್ಟೆ ತಿಂದೆ. ವಿಷವೇನು ಮಾಡೀತು ನನಗೆ? ನನ್ನ ರಕ್ತಕ್ಕೆ ಸೇರಿದ ವಿಷ ಕೈಮುಗಿದು ದಾರಿ ಕೇಳಿಕೊಂಡು ಹೊರಗೆ ಹೋಯಿತು.

ಮರುದಿನ ಬೆಳಿಗ್ಗೆ ಇಳಿತ ಶುರುವಾದದ್ದೇ ತಡ, ನಾನು ಮನೆಯಿಂದ ಗುಂಡಿನಂತೆ ಹಾರಿದೆ. ಮನಸ್ಸಾಕ್ಷಿ ಎದ್ದು ನಿಂತಿತ್ತು. ಅಳಿವೆಯ ಕೆಸರಿನಲ್ಲಿ ಇನ್ನೂರು ಹೆಂಗಸರು ಬಗ್ಗಿ ಬಳಚು ಹೆಕ್ಕುತ್ತಿದ್ದರು. ನಾನು ಬಂಡೆಯಿಂದ ಧುಮುಕಿ, ಮೊಸಳೆಯಂತೆ ಈಜಿ, ನಡುದಿಬ್ಬಕ್ಕೆ ಹತ್ತಿ, ಆಚೆ ಊರಿಗೂ ಕೇಳುವಂತೆ ಕೂಗಿದೆ: ಹೆಕ್ಕಬೇಡಿ, ವಿಷ ಅದೆ, ತಪ್ಪು ನನ್ನದು. ಇನ್ನೂರು ಬುಟ್ಟಿ ಒಟ್ಟಿಗೆ ಕವುಚಿ ಬಿದ್ದವು. ಒಬ್ಬ ಮುದುಕಿ ನನ್ನ ಪಾದ

ಇಲ್ಲಿಗೆ ಮಾದೇವಿ ಪುಟವನ್ನು ಎಳೆದುಕೊಂಡಳು. ಓದಿದಳು. ಸೂಜಿಯನ್ನು ಬಲೆಗೆ ಚುಚ್ಚಿ ಬದಿಗಿಟ್ಟಳು.

"ಇದನ್ನ ಹೊಡೆದು ಹಾಕಿ," ಎಂದಳು.

"ಕಥೆ ಮಾರಾಯ್ತಿ. ಸ್ವಲ್ಪ ಉಪ್ಪು ಹುಳಿ ಬೇಡವಾ?"

"ನೀವು ಅಳಿವೆಗೆ ಬಂದದ್ದೇ ಇಲ್ಲ. ಜಗಲಿಯಲ್ಲಿ ಕೂತಿದ್ರಿ. ಬುಟ್ಟಿ ಹಿಡ್ಕೊಂಡು ಹೊರಟವಳು ನಾನು. ಆದದ್ದನ್ನ ಬರೀರಿ."

ಹೊಡೆದು ಹಾಕಲಾರೆ, ಚೆನ್ನಾಗಿ ಬಂದಿದೆ. ಅದರ ಕೆಳಗೆ ಆದದ್ದನ್ನು ಬರೆಯುತ್ತೇನೆ.

ನಾನು ಜಗಲಿಯಲ್ಲಿ ಕೂತಿದ್ದೆ. ಎದ್ದೆ, ಕೂತೆ, ಚಪ್ಪಲಿ ಹಾಕಿದೆ, ಬಿಚ್ಚಿದೆ. ಮಾದೇವಿ ಬುಟ್ಟಿ ತೆಗೆದುಕೊಂಡು ಅಂಗಳ ದಾಟುವಾಗ ತುಟಿಯನ್ನು ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದಳು. ಆಗಲೇ ಅಕ್ಕೋರು ಬೈಕಿನಲ್ಲಿ ಬಂದಿಳಿದರು. ನೇರವಾಗಿ ಹಿತ್ತಲಿಗೆ ಹೋದರು. ರಾತ್ರಿಯೆಲ್ಲ ಯೋಚಿಸಿದ್ದರಂತೆ: ಸಮುದ್ರದಲ್ಲಿ ಮೆಣಸಿಲ್ಲ, ಆದರೆ ಬಳಚು ಇಡುವ ಮಡಕೆಯಲ್ಲಿ ಮೆಣಸು ಹಾಕುವ ಹೆಂಗಸು ಊರಿನಲ್ಲಿ ಒಬ್ಬಳೇ ಇದ್ದಾಳೆ, ಎಂದು ಬಳಚು ಮಾರುವವರು ಯಾರೋ ಹೇಳಿದ್ದರು. ತಟ್ಟೆ ತೆಗೆದು ಮಡಕೆಯೊಳಗೆ ಇಣುಕಿದರು. ಎರಡು ಒಣಮೆಣಸು ನೀರಿನ ಮೇಲೆ ತೇಲುತ್ತಿದ್ದವು.

"ಹಡಗು ಇಲ್ಲೇ ಮುಳುಗಿದ್ದಾ ಜಟ್ಟಪ್ಪ?"

ಅಷ್ಟಾದರೂ ನನ್ನ ಬಾಯಿ ಇನ್ನೊಂದು ಹಡಗನ್ನು ಕಟ್ಟಲು ತೆರೆದಿತ್ತು. ಅಷ್ಟರಲ್ಲಿ ಮಾದೇವಿ ಅಂದಳು, ಬಹಳ ಸಾಧಾರಣವಾಗಿ, "ಅಕ್ಕೋರೇ, ಬೆಳಗ್ಗಿಂದ ನನ್ನ ತುಟಿ ಮೇಲೆ ಇರುವೆ ಹರಿದ ಹಾಗೆ ಆಗ್ತಾ ಅದೆ. ಈಗ ಬೆರಳಿಗೂ ಬಂತು."

ಆಗ ಹೇಳಿದೆ. ಬಾಟಲಿಯ ನೀರು ಮಡಕೆಯದು ಎಂದು ಹೇಳಿದೆ.

"ಎಷ್ಟು ವಾರದಿಂದ?"

"ಎರಡು," ಎಂದೆ.

"ಹನ್ನೊಂದು," ಎಂದಳು ಮಾದೇವಿ. "ಹನ್ನೊಂದು ಸೋಮವಾರ ನೀರು ಇಳಿದದೆ." ಕೈಯಿಂದ ಬುಟ್ಟಿ ಜಾರಿತು. ಅವಳು ಅದನ್ನು ಹೆಕ್ಕಲು ಹೋಗಲಿಲ್ಲ. ಬೆರಳು ಮಡಚಲು ಬರುತ್ತಿರಲಿಲ್ಲ.

ಅಳಿವೆಗೆ ಓಡಿದ್ದು ಅಕ್ಕೋರು, ಕೂಗಿದ್ದು ಶಂಭು. ಹೆಂಗಸರು ಮೊದಲು ನಂಬಲಿಲ್ಲ. ಹಲಗೆಯಲ್ಲಿ ಐವತ್ತೆಂಟು ಬರೆದದೆಯಲ್ಲ ಎಂದು ಜಗಳಕ್ಕೆ ನಿಂತರು. ನನ್ನ ಕೈಗುಣದ ಹೆಸರು ಹೇಳಿದರು. ಕೊನೆಗೆ ಅಕ್ಕೋರು, ಜಟ್ಟಪ್ಪನ ಹೆಂಡತಿಯನ್ನೇ ಹೋಗಿ ನೋಡಿ ಎಂದ ಮೇಲೆ ಬುಟ್ಟಿಗಳನ್ನು ಒಬ್ಬೊಬ್ಬರಾಗಿ ಕವುಚಿದರು. ಇನ್ನೂರು ಅಲ್ಲ, ಮೂವತ್ತೆರಡು. ಮಾದೇವಿಯನ್ನು ಆಸ್ಪತ್ರೆಗೆ ಸಾಗಿಸಿದೆವು. ಎರಡು ದಿನ ಅವಳ ಉಸಿರನ್ನು ಯಂತ್ರವೊಂದು ಆಡಿತು. ನಾನು ಅದರ ಪಕ್ಕ ಕೂತು ಎಣಿಸಿದೆ. ಮೂರನೇ ದಿನ ಅವಳು ಕಣ್ಣು ಬಿಟ್ಟು, ಮಡಕೆ ಒಡೆದು ಹಾಕಿದ್ರಾ, ಎಂದು ಕೇಳಿದಳು.

ಅದೇ ವಾರ ಅಕ್ಕೋರ ಎದುರಿಗೇ ಮೂರನೇ ಬೋಯಾದ ಹತ್ತಿರ ಎರಡು ಮಾರು ಆಳದ ನೀರು ತೆಗೆದೆ. ಮೂರು ಸಲ ತೊಳೆದು ಚೆಲ್ಲಿದೆ. ಕಾಲು ಗಂಟೆಯ ನಂತರ ಯಂತ್ರ ಹೇಳಿದ ಸಂಖ್ಯೆ ಹತ್ತೊಂಬತ್ತು. ಇದನ್ನು ಹಿಗ್ಗಿಸಿಯೂ ಇಲ್ಲ, ಕುಗ್ಗಿಸಿಯೂ ಇಲ್ಲ. ಕೊಲ್ಲಿಗೆ ಬೀಗ ಬಿತ್ತು. ಬಾಟಲಿಯ ಕೆಲಸ ಈಗ ಮಾದೇವಿಯದು. ನಾನು ದೋಣಿ ನಡೆಸುತ್ತೇನೆ, ಅಷ್ಟೆ. ಹೋದ ಸೋಮವಾರ ಇಪ್ಪತ್ತಾರು.

ಆಯಿತು, ಎಂದು ಪೆನ್ನು ಮುಚ್ಚಿದೆ. ಮಾದೇವಿ ಮತ್ತೆ ಓದಿದಳು, ಈ ಸಲ ಹಿಂದಿನ ಪುಟಕ್ಕೂ ಹೋದಳು. ಒಂದು ಸಾಲಿನ ಮೇಲೆ ಬೆರಳು ನಿಲ್ಲಿಸಿದಳು. ಆ ಬೆರಳು ಇನ್ನೂ ಪೂರ್ತಿ ನೆಟ್ಟಗಾಗುವುದಿಲ್ಲ.

"ನಾಲ್ಕು ತಟ್ಟೆ ಸುಕ್ಕ ತಿಂದೆ ಅಂತ ಬರೆದಿದ್ದೀರಿ."

"ಹೂಂ."

"ಆ ಸಂಜೆ ನೀವು ತಿನ್ನಲಿಲ್ಲ. ಹೊಟ್ಟೆ ಸರಿ ಇಲ್ಲ ಅಂದ್ರಿ. ಗಂಜಿ ಕುಡಿದು ಮಲಗಿದ್ರಿ."

ನನ್ನ ಬಳಿ ಹಡಗು ಉಳಿದಿರಲಿಲ್ಲ.

"ಇಷ್ಟು ದಿನ ನಾನು ಕೇಳಲಿಲ್ಲ," ಎಂದಳು. "ಹೊಟ್ಟೆಯೇ ಸರಿ ಇರ್ಲಿಲ್ಲ ಅಂದ್ಕೊಂಡಿದ್ದೆ. ಈಗ ಕೇಳ್ತೇನೆ. ಹೊಟ್ಟೆ ಸರಿ ಇತ್ತಾ?"

ಸರಿ ಇತ್ತು. ಹಸಿದಿತ್ತು. ಅಕ್ಕೋರು ವಿಷದ ಮಾತು ಹೇಳಿ ಮೂರು ಗಂಟೆಯಾಗಿತ್ತು. ಐವತ್ತೆಂಟು ನಿಜವಿದ್ದರೂ ಇರಬಹುದು ಎಂದು ನನ್ನಲ್ಲಿ ಅರ್ಧ ನಂಬಿತ್ತು. ನಂಬದ ಇನ್ನರ್ಧ ತಟ್ಟೆಯನ್ನು ಪಕ್ಕಕ್ಕೆ ಸರಿಸಿತು. ಅವಳ ತಟ್ಟೆಯನ್ನು ಸರಿಸಲು ಮಾತಾಡಬೇಕಾಗಿತ್ತು. ಮಾತಾಡಿದರೆ ಮಡಕೆಯ ಸುದ್ದಿ ಹೊರಬೀಳುತ್ತಿತ್ತು. ಜೀವಮಾನವೆಲ್ಲ ಬೇಡದ್ದನ್ನು ಮಾತಾಡಿದ ನಾನು ಆ ಒಂದು ಸಂಜೆ ಸುಮ್ಮನಿದ್ದೆ. ಅವಳು ತಿನ್ನುವುದನ್ನು ನೋಡಿದೆ. ಚೆನ್ನಾಗಿದೆ, ಸ್ವಲ್ಪ ರುಚಿ ನೋಡಿ, ಎಂದಳು. ಬೇಡ ಎಂದೆ.

ಇದನ್ನು ಬಾಯಲ್ಲಿ ಹೇಳಲಾಗಲಿಲ್ಲ. ಕೈ ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇತ್ತು.

ಅವಳು ಪುಟವನ್ನು ನನ್ನ ಕಡೆ ತಳ್ಳಿದಳು. ಬಲೆಯಿಂದ ಸೂಜಿ ಕಿತ್ತು ಮತ್ತೆ ಹೊಲಿಯತೊಡಗಿದಳು.

"ಬರೀರಿ," ಎಂದಳು.

ಬರೆದಿದ್ದೇನೆ.